ಹಾಕುವುದಕ್ಕಿಂತ ತೆಗೆಯುವುದೇ ಹೆಚ್ಚು: ಮನೆಯ ಕಂಪ್ಯೂಟರನ್ನು ಕಳ್ಳಗಣ್ಣುಗಳಿಂದ ಕಾಯುವ ಬಗೆ

ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರದಿಂದ ಹಿಡಿದು ಧಾರವಾಡದ ಮಾಳಮಡ್ಡಿ, ಸಪ್ತಾಪುರದವರೆಗೆ ಮನೆಗಳಿಗೇ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕಸುಬು. ಫೋನ್ ಮಾಡುವವರ ಮಾತು ಬಹುಮಟ್ಟಿಗೆ ಹೀಗೆಯೇ ಇರುತ್ತದೆ: "ವೈರಸ್ ಬಂದಿದೆ ಸರ್, ಬರುವಾಗ ಒಂದು ಒಳ್ಳೆಯ ಆಂಟಿವೈರಸ್ ತೆಗೆದುಕೊಂಡು ಬನ್ನಿ." ಹೋಗಿ ನೋಡಿದರೆ ಅಲ್ಲಿ ಆಗಲೇ ಅವಧಿ ಮುಗಿದ ಆಂಟಿವೈರಸ್ ಒಂದು, 'ಕ್ಲೀನರ್' ಒಂದು, 'ಸ್ಪೀಡ್ ಬೂಸ್ಟರ್' ಇನ್ನೊಂದು, ಯಾರು ಹಾಕಿದರೆಂದು ಯಾರಿಗೂ ನೆನಪಿಲ್ಲದ ಸರ್ಚ್ ಬಾರ್ ಮತ್ತೊಂದು ಕೂತಿರುತ್ತವೆ. ಯಂತ್ರ ಏದುಸಿರು ಬಿಡುವುದು ಇವುಗಳ ಭಾರಕ್ಕೇ.

ಕಾವಲಿಗೆಂದು ತಂದದ್ದೇ ಮಾಹಿತಿ ಮಾರಿದ ಉದಾಹರಣೆಯೂ ಇದೆ. ಅವಾಸ್ಟ್ ಎಂಬ ಹೆಸರುವಾಸಿ ಆಂಟಿವೈರಸ್ ಕಂಪನಿ, ಬಳಕೆದಾರರು ಯಾವ ಯಾವ ತಾಣಗಳನ್ನು ನೋಡಿದರೆಂಬ ವಿವರವನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರಾಟ ಮಾಡಿತ್ತು. ಸುದ್ದಿ ಬಯಲಾದ ಮೇಲೆ 2020ರಲ್ಲಿ ಆ ಅಂಗಡಿ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟುವಂತೆ ಮಾಡಿತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಹಾಗಾಗಿ ನಾನು ಹೋದ ಮನೆಯಲ್ಲಿ ಮೊದಲ ಒಂದು ಗಂಟೆ ಏನನ್ನೂ ಹಾಕುವುದಿಲ್ಲ, ಬರೀ ತೆಗೆಯುತ್ತೇನೆ. ನೀವೇ ಕೂತು ಮಾಡಿಕೊಳ್ಳುವುದಾದರೂ ಅದೇ ಕ್ರಮ ಹಿಡಿಯಿರಿ. ಇಲ್ಲಿ ಹೇಳುವುದೆಲ್ಲ ವಿಂಡೋಸ್ ಇರುವ ಯಂತ್ರಕ್ಕೆ. ನಮ್ಮ ಕಡೆಯ ಮನೆಗಳಲ್ಲಿ ನಾನು ಕಾಣುವುದು ಹೆಚ್ಚಾಗಿ ಅದನ್ನೇ.

ಮೂಲೆಯಲ್ಲಿ ಬರುವ ಕೆಂಪು ಎಚ್ಚರಿಕೆ

ನನ್ನನ್ನು ಕರೆಸುವ ಗಾಬರಿಗಳಲ್ಲಿ ಇದು ಮೊದಲನೆಯದು. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ "ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಸಿಕ್ಕಿವೆ, ಕೂಡಲೇ ಇಲ್ಲಿ ಒತ್ತಿ" ಎಂಬ ಕೆಂಪು ಪೆಟ್ಟಿಗೆ ಮೇಲಿಂದ ಮೇಲೆ ಏಳುತ್ತದೆ. ಹೆಚ್ಚಿನ ಸಲ ಅದು ವೈರಸ್ ಅಲ್ಲವೇ ಅಲ್ಲ, ಬ್ರೌಸರಿನ ನೋಟಿಫಿಕೇಶನ್. ಪರೀಕ್ಷೆಯ ಫಲಿತಾಂಶವನ್ನೋ, ತಪ್ಪಿದ ಧಾರಾವಾಹಿಯ ಕಂತನ್ನೋ ಹುಡುಕಿಕೊಂಡು ಹೋದ ಯಾವುದೋ ತಾಣ "ನೀವು ರೋಬೋಟ್ ಅಲ್ಲವೆಂದು ತೋರಿಸಲು 'ಅಲೋ' ಒತ್ತಿ" ಎಂದಿರುತ್ತದೆ. ಒತ್ತಿದ ಕ್ಷಣದಿಂದ ಆ ತಾಣಕ್ಕೆ ನಿಮ್ಮ ಪರದೆಯ ಮೂಲೆಯಲ್ಲಿ ಕೂಗುವ ಪರವಾನಗಿ ಸಿಕ್ಕಿತು.

ಕ್ರೋಮ್ ಆದರೆ ಮೇಲಿನ ಮೂರು ಚುಕ್ಕೆ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. 'ಪ್ರೈವಸಿ ಆಂಡ್ ಸೆಕ್ಯುರಿಟಿ', ಅದರೊಳಗೆ 'ಸೈಟ್ ಸೆಟ್ಟಿಂಗ್ಸ್', ಅದರೊಳಗೆ 'ನೋಟಿಫಿಕೇಶನ್ಸ್'. ಅನುಮತಿ ಪಡೆದ ತಾಣಗಳ ಪಟ್ಟಿ ಅಲ್ಲಿದೆ. ಅರ್ಥವಿಲ್ಲದ ಅಕ್ಷರಗಳ ಹೆಸರುಗಳೆಲ್ಲ ಇವೇ, ಒಂದೊಂದನ್ನೂ ತೆಗೆದುಹಾಕಿ. ನಾನಾದರೆ ಪಟ್ಟಿಯನ್ನೇ ಖಾಲಿ ಮಾಡಿ, ಮುಂದೆ ಯಾವ ತಾಣವೂ ಕೇಳಲೇಬಾರದು ಎಂಬ ಆಯ್ಕೆಯನ್ನು ಹಾಕುತ್ತೇನೆ. ನೋಟಿಫಿಕೇಶನ್ ಇಲ್ಲದೆ ಯಾರ ಕೆಲಸವೂ ನಿಂತದ್ದನ್ನು ನಾನು ನೋಡಿಲ್ಲ.

ಇದರ ಅಣ್ಣನೊಬ್ಬ ಇದ್ದಾನೆ: ಪರದೆ ತುಂಬಾ ನೀಲಿ ಬಣ್ಣ, ಸೈರನ್ ಸದ್ದು, ಮೈಕ್ರೋಸಾಫ್ಟ್ ಹೆಸರು, ಕೆಳಗೊಂದು ಫೋನ್ ನಂಬರು. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರು ಕೊಡುವುದಿಲ್ಲ. ಎಸ್ಕೇಪ್ ಕೀಲಿಯನ್ನು ಒತ್ತಿಹಿಡಿದರೆ ಪೂರ್ಣಪರದೆ ಬಿಡುತ್ತದೆ. ಬಿಡದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನು ಆರಿಸಿ 'ಎಂಡ್ ಟಾಸ್ಕ್' ಕೊಡಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ತೆರೆಯಲೇ ಎಂದು ಕೇಳಿದರೆ ಬೇಡ ಎನ್ನಿ. ಆ ನಂಬರಿಗೆ ಫೋನ್ ಮಾಡಿದಾಗಲೇ ನಿಜವಾದ ಅಪಾಯ ಶುರುವಾಗುವುದು: ಆ ಕಡೆಯವನು ನಯವಾಗಿ ಮಾತಾಡಿ, ದೂರದಿಂದ ನಿಮ್ಮ ಯಂತ್ರ ನಡೆಸುವ ತಂತ್ರಾಂಶವನ್ನು ನಿಮ್ಮ ಕೈಯಿಂದಲೇ ಹಾಕಿಸುತ್ತಾನೆ. ಎನಿಡೆಸ್ಕ್, ಟೀಮ್‌ವ್ಯೂವರ್ ತಾವಾಗಿ ಕೆಟ್ಟವಲ್ಲ, ನಾನೂ ಬಳಸುತ್ತೇನೆ. ಆದರೆ ಅಪರಿಚಿತನ ಮಾತಿಗೆ ಅವನ್ನು ಹಾಕಿಕೊಂಡರೆ, ನೀವು ನೋಡನೋಡುತ್ತಿದ್ದಂತೆಯೇ ಬ್ಯಾಂಕಿನ ಪುಟ ಅವನ ಕೈಯಲ್ಲಿರುತ್ತದೆ.

ಬ್ರೌಸರಿಗೆ ಅಂಟಿಕೊಂಡವರು

ಸಪ್ತಾಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಕೋಣೆಗಳಲ್ಲಿ ನಾನು ಕಾಣುವ ಬ್ರೌಸರುಗಳಿಗೆ ಎಕ್ಸ್‌ಟೆನ್ಷನ್‌ಗಳ ಮೆರವಣಿಗೆಯೇ ಇರುತ್ತದೆ, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳದ್ದು. ಪಿಡಿಎಫ್ ಕೂಡಿಸಲು ಒಂದು, ವಿಡಿಯೋ ಇಳಿಸಿಕೊಳ್ಳಲು ಒಂದು, ಪಾಠದ ಧ್ವನಿ ಏರಿಸಲು ಒಂದು, ಕೂಪನ್ ಹುಡುಕಲು ಮತ್ತೊಂದು. ಒಂದೊಂದರ ವಿವರ ತೆರೆದು ನೋಡಿ. "ನೀವು ನೋಡುವ ಎಲ್ಲ ತಾಣಗಳ ಎಲ್ಲ ಮಾಹಿತಿಯನ್ನು ಓದುವ ಮತ್ತು ಬದಲಿಸುವ" ಅನುಮತಿ ಅಲ್ಲಿ ಬರೆದಿರುತ್ತದೆ. ಎಲ್ಲ ತಾಣ ಎಂದರೆ ಬ್ಯಾಂಕೂ ಸೇರಿತು, ನಿಮ್ಮ ಇಮೇಲೂ ಸೇರಿತು. ಧ್ವನಿ ಏರಿಸುವ ಗುಂಡಿಗೆ ಅಷ್ಟೆಲ್ಲ ಏಕೆ ಬೇಕು?

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಒಳ್ಳೆಯ ಎಕ್ಸ್‌ಟೆನ್ಷನ್ ಒಳ್ಳೆಯದಾಗಿಯೇ ಉಳಿಯಬೇಕೆಂದಿಲ್ಲ. ಬಳಸದ ಟ್ಯಾಬುಗಳನ್ನು ಮಲಗಿಸಿಡುವ 'ದಿ ಗ್ರೇಟ್ ಸಸ್ಪೆಂಡರ್' ಎಂಬುದನ್ನು ಲಕ್ಷಗಟ್ಟಲೆ ಜನ ನೆಚ್ಚಿಕೊಂಡಿದ್ದರು. 2020ರಲ್ಲಿ ಅದು ಬೇರೆಯವರ ಕೈಗೆ ಮಾರಾಟವಾಯಿತು, 2021ರ ಫೆಬ್ರವರಿಯಲ್ಲಿ ಕೆಡುಕಿನ ತಂತ್ರಾಂಶವೆಂದು ಗೂಗಲ್ ಅದನ್ನು ಕಿತ್ತುಹಾಕಿತು. ನಡುವೆ ಅಪ್‌ಡೇಟ್ ಆದದ್ದು ಯಾರನ್ನೂ ಕೇಳದೆ. ಆದ್ದರಿಂದ ಕಳೆದ ತಿಂಗಳು ಬಳಸದ ಎಕ್ಸ್‌ಟೆನ್ಷನ್ ಇದ್ದರೆ ತೆಗೆಯಿರಿ. 'ಆಫ್' ಮಾಡಿ ಇಟ್ಟುಕೊಳ್ಳಬೇಡಿ, ಪೂರ್ತಿ ತೆಗೆಯಿರಿ.

ನಾನು ಸ್ವತಃ ಹಾಕಿಕೊಡುವುದು ಒಂದನ್ನು ಮಾತ್ರ: ಯುಬ್ಲಾಕ್ ಒರಿಜಿನ್. ಜಾಹೀರಾತನ್ನೂ, ಜಾಹೀರಾತಿನ ಹಿಂದೆ ಕೂತು ಲೆಕ್ಕ ಬರೆಯುವ ಟ್ರ್ಯಾಕರುಗಳನ್ನೂ ಅದು ತಡೆಯುತ್ತದೆ. ಮೇಲೆ ಹೇಳಿದಂಥ ನಕಲಿ ಎಚ್ಚರಿಕೆಗಳ ಬಾಗಿಲೂ ಬಹುಪಾಲು ಮುಚ್ಚುತ್ತದೆ. ಕ್ರೋಮ್ ತನ್ನ ಎಕ್ಸ್‌ಟೆನ್ಷನ್ ನಿಯಮ ಬದಲಿಸಿದ ಮೇಲೆ ಅಲ್ಲಿ ಅದರ 'ಲೈಟ್' ರೂಪವಷ್ಟೇ ನಡೆಯುತ್ತದೆ. ಪೂರ್ಣರೂಪ ಬೇಕಾದರೆ ಫೈರ್‌ಫಾಕ್ಸ್ ಹಾಕಿಕೊಳ್ಳಿ. ಹೆಸರಿನ ಬಗ್ಗೆ ಹುಷಾರು. ಇದೇ ಹೆಸರನ್ನು ಹಿಂದೆ ಮುಂದೆ ಮಾಡಿಕೊಂಡ ನಕಲಿಗಳು ಬ್ರೌಸರಿನ ಎಕ್ಸ್‌ಟೆನ್ಷನ್ ಅಂಗಡಿಯಲ್ಲಿವೆ.

ಪುಕ್ಕಟೆ ಸಿಕ್ಕಿದ್ದರ ಬೆಲೆ

ಈಗ ನಿಜವಾದ ಕಳ್ಳರ ಮಾತು. ಲೆಕ್ಕಪತ್ರದ ತಂತ್ರಾಂಶ, ಫೋಟೋ ತಿದ್ದುವ ತಂತ್ರಾಂಶ, ಆಫೀಸ್. ಇವುಗಳ ಬೀಗ ಒಡೆದ ಪ್ರತಿಗಳು ನಮ್ಮ ಕಡೆ ಪೆನ್‌ಡ್ರೈವಿನಲ್ಲಿ ಪ್ರಸಾದದಂತೆ ಹಂಚಿಕೆಯಾಗುತ್ತವೆ. ಜೊತೆಗೆ ಬರುವ ಸೂಚನೆಯಲ್ಲಿ ಮೊದಲ ಸಾಲೇ "ಆಂಟಿವೈರಸ್ ಬಂದ್ ಮಾಡಿ, ನಂತರ ಇನ್‌ಸ್ಟಾಲ್ ಮಾಡಿ." ಮನೆಯೊಳಗೆ ಬರುವವನು ಮೊದಲು ದೀಪ ಆರಿಸಿ ಎಂದರೆ ಒಪ್ಪುತ್ತೀರಾ? ವಿಂಡೋಸನ್ನೇ ಪುಕ್ಕಟೆ 'ಆಕ್ಟಿವೇಟ್' ಮಾಡಿಕೊಡುವ ಉಪಕರಣಗಳೂ ಇದೇ ಜಾತಿಯವು.

ಇವುಗಳ ಜೊತೆ ಬರುವ ಇಂದಿನ ಸ್ಪೈವೇರ್ ಹಳೆಯ ಕಾಲದ ವೈರಸ್ಸಿನಂತೆ ಫೈಲು ಅಳಿಸಿ ಗಲಾಟೆ ಮಾಡುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು, ಲಾಗಿನ್ ಆಗಿರುವ ಗುರುತಿಗೆ ತಾಣಗಳು ಬ್ರೌಸರಿನಲ್ಲಿ ಇಡುವ ಚೀಟಿಗಳಾದ ಕುಕೀಗಳನ್ನು ಒಂದು ಗಂಟುಕಟ್ಟಿ ಹೊರಗೆ ಕಳಿಸಿ, ಎಷ್ಟೋ ಸಲ ತಾನೇ ಮಾಯವಾಗುತ್ತದೆ. ಲಾಗಿನ್ ಕುಕೀ ಕದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಆಗಲೇ ಒಳಗೆ ಬಂದವರಂತೆ ನಿಮ್ಮ ಇಮೇಲ್ ತೆರೆಯುತ್ತಾನೆ. ಲುಮ್ಮಾ ಎಂಬ ಇಂಥದೊಂದು ಕಳ್ಳ ತಂತ್ರಾಂಶದ ಜಾಲವನ್ನು 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಪೊಲೀಸರು ಸೇರಿ ಕೆಡವಿದರು. ಅದಕ್ಕೆ ಹಿಂದಿನ ಎರಡು ತಿಂಗಳಲ್ಲೇ 3,94,000ಕ್ಕೂ ಹೆಚ್ಚು ವಿಂಡೋಸ್ ಯಂತ್ರಗಳು ಅದಕ್ಕೆ ಸಿಕ್ಕಿದ್ದವೆಂದು ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿತು.

ಇದೇ ಗುಂಪಿನವರ ಇನ್ನೊಂದು ಆಟ ಈಚೆಗೆ ಹೆಚ್ಚಾಗಿದೆ. ತಾಣವೊಂದು "ನೀವು ಮನುಷ್ಯರೆಂದು ತೋರಿಸಿ" ಎನ್ನುತ್ತದೆ, ಆಮೇಲೆ ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ ಎಂದು ಸಾಲಾಗಿ ಹೇಳುತ್ತದೆ. ಹಾಗೆ ಮಾಡಿದರೆ ಅದು ಮೊದಲೇ ನಕಲು ಮಾಡಿಟ್ಟ ಆದೇಶವನ್ನು ನೀವೇ ನಿಮ್ಮ ಯಂತ್ರದಲ್ಲಿ ಓಡಿಸಿದಂತಾಯಿತು. ಚಿತ್ರದಲ್ಲಿ ಬಸ್ಸು, ಸಿಗ್ನಲ್ ಆರಿಸಿ ಎನ್ನುವವರೆಗೆ ಸರಿ. ಕೀಲಿಮಣೆಯ ಗುಂಡಿ ಒತ್ತಿ ಎಂದ ಕೂಡಲೇ ಆ ಪುಟ ಮುಚ್ಚಿ.

ಕನ್ನಡ ಬರೆಯುವವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ನುಡಿ ತಂತ್ರಾಂಶ ಬೇಕೆಂದು ಹುಡುಕಿ, ಮೊದಲು ಕಂಡ ತಾಣದಿಂದ ಇಳಿಸಿಕೊಳ್ಳುವವರು ಬಹಳ. ಆ ಪುಟದಲ್ಲಿ 'ಡೌನ್‌ಲೋಡ್' ಎಂಬ ದೊಡ್ಡ ಹಸಿರು ಗುಂಡಿಗಳು ನಾಲ್ಕಿರುತ್ತವೆ, ನಾಲ್ಕೂ ಜಾಹೀರಾತು. ನುಡಿ ರೂಪಿಸಿದ್ದು ಕನ್ನಡ ಗಣಕ ಪರಿಷತ್ತು. ಅವರ ತಾಣದಿಂದಲೋ ಸರ್ಕಾರದ ತಾಣದಿಂದಲೋ ಮಾತ್ರ ತೆಗೆದುಕೊಳ್ಳಿ. ಬರೀ ಯೂನಿಕೋಡ್ ಕನ್ನಡ ಸಾಕೆಂದರೆ ವಿಂಡೋಸಿನ ಭಾಷಾ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕೀಲಿಮಣೆ ಇದ್ದೇ ಇದೆ, ಏನನ್ನೂ ಇಳಿಸಬೇಕಿಲ್ಲ. ಯಾವ ತಂತ್ರಾಂಶವೇ ಆಗಲಿ, ಹುಡುಕಿದಾಗ ಮೇಲೆ 'ಸ್ಪಾನ್ಸರ್ಡ್' ಎಂದು ಬರುವ ಸಾಲನ್ನು ಬಿಟ್ಟು ಕೆಳಗಿನದನ್ನು ನೋಡಿ. ನಕಲಿ ತಾಣದವರೂ ದುಡ್ಡು ಕೊಟ್ಟರೆ ಆ ಮೇಲಿನ ಜಾಗ ಸಿಗುತ್ತದೆ.

ವಿಂಡೋಸ್ ಒಳಗೇ ಇರುವ ಕಾವಲು

ಬೇಡದ್ದೆಲ್ಲ ಹೋದ ಮೇಲೆ ಉಳಿದ ಆಂಟಿವೈರಸ್ ಯಾವುದು ಎಂದರೆ ಮೈಕ್ರೋಸಾಫ್ಟ್ ಡಿಫೆಂಡರ್. ವಿಂಡೋಸ್ ಜೊತೆಗೇ ಬಂದಿರುತ್ತದೆ, ಬೇರೆ ಆಂಟಿವೈರಸ್ ತೆಗೆದ ಕೂಡಲೇ ತಾನಾಗಿ ಎಚ್ಚರಗೊಳ್ಳುತ್ತದೆ. ಮನೆಯ ಬಳಕೆಗೆ ಅದು ಸಾಕು ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೊಮ್ಮೆ ಆಂಟಿವೈರಸ್ ಡಬ್ಬಿ ಮಾರಿ ನಾಲ್ಕು ಕಾಸು ಮಾಡಿಕೊಳ್ಳುವ ನನ್ನ ಕಸುಬಿನವರಿಗೆ ಈ ಮಾತು ಹಿಡಿಸುವುದಿಲ್ಲ. 'ವಿಂಡೋಸ್ ಸೆಕ್ಯುರಿಟಿ' ತೆರೆದು 'ಆ್ಯಪ್ ಆಂಡ್ ಬ್ರೌಸರ್ ಕಂಟ್ರೋಲ್' ಒಳಗಿನ 'ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್' ಎಲ್ಲ ಚಾಲೂ ಇದೆಯೇ ನೋಡಿ. ಬೇಡದ ಆ್ಯಪ್‌ಗಳನ್ನು ತಡೆಯುವ ಗುಂಡಿ ಅಲ್ಲಿಯೇ ಇದೆ.

ಅಪ್‌ಡೇಟ್ ವಿಷಯದಲ್ಲಿ ನಾನು ಹಟಮಾರಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ನೋಂದಾಯಿಸಿಕೊಂಡ ಮನೆಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್ ತನಕ ಎಂದು ಅವಧಿ ಕೊಟ್ಟರು. ಯಂತ್ರ ತಾಳುವುದಾದರೆ 11ಕ್ಕೆ ಏರಿಸಿ, ಅದಕ್ಕೆ ದುಡ್ಡಿಲ್ಲ. ತಾಳದ ಹಳೆಯ ಯಂತ್ರವನ್ನು ಬರೀ ಪತ್ರಿಕೆ ಓದಲು, ವಿಡಿಯೋ ನೋಡಲು, ಪತ್ರ ಬರೆಯಲು ಬಳಸುತ್ತಿದ್ದರೆ ವಿಂಡೋಸ್ ಬದಲಿಗೆ ನಡೆಯುವ ಉಚಿತ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ ಹಾಕಿಸಿ. ಮಾಳಮಡ್ಡಿಯ ನಿವೃತ್ತ ಮೇಷ್ಟ್ರೊಬ್ಬರಿಗೆ ಹಾಕಿಕೊಟ್ಟಿದ್ದೇನೆ. ಅವರ ದೂರು ಒಂದೇ, ಇಸ್ಪೀಟಿನ ಆಟ ಮೊದಲಿನ ಹಾಗಿಲ್ಲವಂತೆ.

ದಿನದ ಕೆಲಸಕ್ಕೆ 'ಸ್ಟ್ಯಾಂಡರ್ಡ್' ಖಾತೆ ಮಾಡಿಕೊಂಡು, 'ಅಡ್ಮಿನ್' ಖಾತೆಯನ್ನು ಬೇರೆ ಪಾಸ್‌ವರ್ಡಿನಲ್ಲಿ ಇಡಿ. ಆಗ ಮಗ ಆಟವೊಂದನ್ನು ಇಳಿಸಿದರೂ ಅದು ಯಂತ್ರದ ಆಳಕ್ಕೆ ಇಳಿಯಬೇಕಾದರೆ ನಿಮ್ಮ ಪಾಸ್‌ವರ್ಡ್ ಕೇಳಬೇಕಾಗುತ್ತದೆ. ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ' ಒಳಗೆ ಫೈಲಿನ ಪೂರ್ಣ ಹೆಸರು ಕಾಣುವ ಆಯ್ಕೆಯನ್ನೂ ಚಾಲೂ ಮಾಡಿ. ಲಗ್ನಪತ್ರಿಕೆ ಎಂದು ಬಂದ ಪಿಡಿಎಫ್ ಹಿಂದೆ 'ಇಎಕ್ಸ್‌ಇ' ಎಂಬ ಬಾಲ ಇದ್ದರೆ, ಅಂದರೆ ಅದು ಪತ್ರಿಕೆಯಲ್ಲ, ಓಡುವ ತಂತ್ರಾಂಶ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಮೊಬೈಲಿನಲ್ಲಿ ಇದೇ ಲಗ್ನಪತ್ರಿಕೆ 'ಎಪಿಕೆ' (ಆ್ಯಪ್ ಹಾಕುವ ಫೈಲು) ಬಾಲದೊಂದಿಗೆ ವಾಟ್ಸಾಪಿನಲ್ಲಿ ಬರುತ್ತದೆ. ಬೀಗರೇ ಕಳಿಸಿದ್ದರೂ ತೆರೆಯಬೇಡಿ. ಅವರ ಫೋನು ಆಗಲೇ ಕಳ್ಳರ ಕೈಯಲ್ಲಿರಬಹುದು.

ಇನ್ನು ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್. ಫೋಲ್ಡರುಗಳೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್ ಆಗಿದ್ದರೆ ಅವನ್ನು ಒತ್ತಬೇಡಿ, ಡಿಫೆಂಡರಿನಿಂದ ಸ್ಕ್ಯಾನ್ ಮಾಡಿ. ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆಗಳನ್ನು ಕೊಟ್ಟರೆ ಅಸಲು ಫೈಲುಗಳು ಹೆಚ್ಚಾಗಿ ಅಲ್ಲೇ ಇರುತ್ತವೆ.

ಹಿಂದೆ ಹಿಂದೆ ಬರುವ ಜಾಹೀರಾತು

ಕಳ್ಳತನ ಬೇರೆ, ಬೆನ್ನು ಹತ್ತುವುದು ಬೇರೆ. ಗದಗ–ಬೆಟಗೇರಿಯ ಪರಿಚಯದವರೊಬ್ಬರು ಮನೆಯವರಿಗೆ ಗೊತ್ತಾಗದಂತೆ ಇಳಕಲ್ ಸೀರೆಯೊಂದನ್ನು ಆನ್‌ಲೈನಿನಲ್ಲಿ ಹುಡುಕಿದ್ದರು. ಮರುದಿನ ಅವರ ಹೆಂಡತಿ ಅದೇ ಕಂಪ್ಯೂಟರಿನಲ್ಲಿ ಅಡುಗೆಯ ಪುಟ ತೆರೆದರೆ ಸುತ್ತಲೂ ಟೋಪಿ ಸೆರಗಿನ ಸೀರೆಗಳೇ! ನೀವು ನೋಡಿದ ಅಂಗಡಿಯ ಪುಟದಲ್ಲಿ ಅಂಗಡಿಯವರಲ್ಲದೆ ಜಾಹೀರಾತು ಕಂಪನಿಯ ತುಣುಕೂ ಕೂತಿರುತ್ತದೆ. ಅದು ನಿಮ್ಮ ಬ್ರೌಸರಿನಲ್ಲಿ ಒಂದು ಕುಕೀ ಇಡುತ್ತದೆ. ಅಡುಗೆಯ ಪುಟದಲ್ಲೂ ಅದೇ ಕಂಪನಿಯ ತುಣುಕು ಇದ್ದರೆ ಕುಕೀ ನೋಡಿ ಗುರುತು ಹಿಡಿಯುತ್ತದೆ. ಇವನ್ನು ಮೂರನೆಯವರ ಕುಕೀ ಎನ್ನುತ್ತಾರೆ. ಸಫಾರಿ 2020ರಿಂದಲೇ ಇವನ್ನು ತಡೆಯುತ್ತದೆ, ಫೈರ್‌ಫಾಕ್ಸ್ 2022ರಿಂದ ಒಂದೊಂದು ತಾಣದ ಕುಕೀಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ. ಕ್ರೋಮ್ ಮಾತ್ರ ತೆಗೆಯುತ್ತೇನೆಂದು 2020ರಲ್ಲಿ ಹೇಳಿ, ವರ್ಷಗಳ ಕಾಲ ಮುಂದೂಡಿ, ಕೊನೆಗೆ ಕೈಬಿಟ್ಟಿತು. ಜಾಹೀರಾತಿನಿಂದಲೇ ಬದುಕುವ ಕಂಪನಿಯ ಬ್ರೌಸರಿನಿಂದ ಬೇರೇನು ನಿರೀಕ್ಷಿಸುವುದು? ಅದರ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ 'ಥರ್ಡ್ ಪಾರ್ಟಿ ಕುಕೀಸ್' ಎಂಬಲ್ಲಿ ನೀವೇ ತಡೆ ಹಾಕಬೇಕು.

'ಇನ್‌ಕಾಗ್ನಿಟೊ'ದಲ್ಲಿ ನೋಡಿದರೆ ಯಾರಿಗೂ ತಿಳಿಯದು ಎಂಬುದು ಸುಳ್ಳು. ನಿಮ್ಮ ಕಂಪ್ಯೂಟರಿನ ಇತಿಹಾಸದಲ್ಲಿ ಉಳಿಯುವುದಿಲ್ಲ ಅಷ್ಟೇ. ಇಂಟರ್‌ನೆಟ್ ಕೊಡುವವರಿಗೂ, ನೀವು ಹೋದ ತಾಣಕ್ಕೂ ಕಾಣುತ್ತದೆ. ಸೀರೆ ಹುಡುಕಿದವರಿಗೆ ಅಷ್ಟೇ ಸಾಕಾಗಿತ್ತು ಅನ್ನಿ. ಅದಕ್ಕಿಂತ ಒಳ್ಳೆಯದು, ಮನೆಯ ಒಬ್ಬೊಬ್ಬರಿಗೂ ವಿಂಡೋಸ್‌ನಲ್ಲೇ ಬೇರೆ ಖಾತೆ.

ಗೂಗಲ್ ಖಾತೆಯ 'ಡೇಟಾ ಆಂಡ್ ಪ್ರೈವಸಿ' ಪುಟದಲ್ಲಿ 'ವೆಬ್ ಆಂಡ್ ಆ್ಯಪ್ ಆಕ್ಟಿವಿಟಿ' ನಿಲ್ಲಿಸಿ. ನಿಲ್ಲಿಸಲು ಮನಸ್ಸಿಲ್ಲದಿದ್ದರೆ 3 ತಿಂಗಳಿಗಿಂತ ಹಳೆಯದನ್ನು ತಾನೇ ಅಳಿಸುವಂತೆ ಇಡಿ. ಅಲ್ಲಿರುವ ಮೂರು ಅವಧಿಗಳಲ್ಲಿ ಅದೇ ಚಿಕ್ಕದು. ಯೂಟ್ಯೂಬಿಗೂ ಬೇರೆಯದೇ ಗುಂಡಿ ಅದೇ ಪುಟದಲ್ಲಿದೆ. ವಿಂಡೋಸ್ 11ರ 'ಪ್ರೈವಸಿ ಆಂಡ್ ಸೆಕ್ಯುರಿಟಿ'ಯಲ್ಲಿ ಜಾಹೀರಾತಿನ ಗುರುತುಸಂಖ್ಯೆಯನ್ನೂ, ಕಡ್ಡಾಯವಲ್ಲದ ಡಯಾಗ್ನಾಸ್ಟಿಕ್ ಮಾಹಿತಿ ಕಳಿಸುವುದನ್ನೂ ಬಂದ್ ಮಾಡಿ. ಇಷ್ಟು ಮಾಡಿದರೂ ಪೂರ್ತಿ ಮರೆಯಾಗುವುದಿಲ್ಲ. ಪರದೆಯ ಅಳತೆ, ಫಾಂಟುಗಳ ಪಟ್ಟಿ ಇಂಥವನ್ನೆಲ್ಲ ಜೋಡಿಸಿ ಯಂತ್ರವನ್ನು ಗುರುತಿಸುವ ವಿದ್ಯೆಯೂ ಅವರ ಬಳಿ ಇದೆ. ಆದರೂ ಬೆನ್ನು ಹತ್ತಿದವರ ಗುಂಪು ಬಹಳ ಕರಗುತ್ತದೆ.

ರೌಟರಿನ ಕೆಳಗೆ ಅಂಟಿಸಿದ ಚೀಟಿಯಲ್ಲಿರುವ ಅಡ್ಮಿನ್ ಪಾಸ್‌ವರ್ಡನ್ನು ಕೇಬಲ್ ಹಾಕಿದವರು ಬದಲಿಸಿರುವುದಿಲ್ಲ. ನೀವು ಬದಲಿಸಿ, ಪಾಸ್‌ವರ್ಡ್ ಹೊಡೆಯದೆಯೇ ವೈಫೈಗೆ ಸೇರಿಸುವ 'ಡಬ್ಲ್ಯುಪಿಎಸ್' ಗುಂಡಿ ಬಂದ್ ಮಾಡಿ.

ಕಳ್ಳ ಒಳಗೆ ಬಂದೇಬಿಟ್ಟಿದ್ದರೆ

ನೀವು ಕಳಿಸದ ಇಮೇಲ್ ನಿಮ್ಮ ಹೆಸರಿನಲ್ಲಿ ಹೋಗುತ್ತಿದೆ, ಮೌಸ್ ತಾನೇ ಓಡುತ್ತಿದೆ, ಡಿಫೆಂಡರ್ ಬಂದ್ ಆಗಿದ್ದು ಚಾಲೂ ಆಗುತ್ತಿಲ್ಲ ಎಂದಾದರೆ ಮೊದಲು ವೈಫೈ ಕಡಿಯಿರಿ. ಆ ಯಂತ್ರದಲ್ಲಿ ಕೂತು ಪಾಸ್‌ವರ್ಡ್ ಬದಲಿಸಬೇಡಿ. ಹೊಸದೂ ಅವನಿಗೇ ಹೋಗುತ್ತದೆ. ಬೇರೆ ಫೋನಿನಿಂದ ಮೊದಲು ಇಮೇಲಿನ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಹೊರಬರುವ ಆಯ್ಕೆ ಒತ್ತಿ. ಕದ್ದ ಕುಕೀ ಸಾಯುವುದು ಆಗಲೇ. ಆಮೇಲೆ ಬ್ಯಾಂಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯುವ ಸಾಧ್ಯತೆ ಮೊದಲ ಗಂಟೆಗಳಲ್ಲೇ ಹೆಚ್ಚು.

ಯಂತ್ರಕ್ಕೆ ಡಿಫೆಂಡರಿನ 'ಆಫ್‌ಲೈನ್ ಸ್ಕ್ಯಾನ್' ಕೊಡಿ. ವಿಂಡೋಸ್ ಏಳುವ ಮೊದಲೇ ಹುಡುಕುವುದರಿಂದ ಅಡಗಿದವು ಸಿಗುತ್ತವೆ, ಸುಮಾರು ಕಾಲು ಗಂಟೆ ಹಿಡಿಯುತ್ತದೆ. ಅನುಮಾನ ಉಳಿದರೆ ಫೋಟೋ, ದಾಖಲೆಗಳನ್ನಷ್ಟೇ ಹೊರಗಿನ ಡಿಸ್ಕಿಗೆ ತೆಗೆದು ವಿಂಡೋಸನ್ನು ಹೊಸದಾಗಿ ಹಾಕಿಸಿ. ಅರ್ಧ ದಿನದ ಕೆಲಸ, ಆದರೆ ಆಮೇಲೆ ನೆಮ್ಮದಿಯಾಗಿ ಮಲಗಬಹುದು. ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವ ಭಾರತ ಸರ್ಕಾರದ ಸರ್ಟ್–ಇನ್ ಸಂಸ್ಥೆ 2017ರಲ್ಲಿ ತೆರೆದ 'ಸೈಬರ್ ಸ್ವಚ್ಛತಾ ಕೇಂದ್ರ'ದ ತಾಣದಲ್ಲೂ ಶುಚಿಗೊಳಿಸುವ ಉಪಕರಣಗಳು ಉಚಿತವಾಗಿ ಸಿಗುತ್ತವೆ.

ಕೊನೆಯದಾಗಿ, ನನ್ನಂಥವರ ಮೇಲೂ ಒಂದು ಕಣ್ಣಿಡಿ. ರಿಪೇರಿಯವನು ಕೆಲಸ ಮಾಡುವಾಗ ಪಕ್ಕದಲ್ಲಿ ಕುಳಿತುಕೊಳ್ಳಿ. ಯಂತ್ರವನ್ನು ಅಂಗಡಿಗೆ ಕೊಡುವುದಾದರೆ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಅಳಿಸಿ, ಲಾಗಿನ್‌ಗಳಿಂದ ಹೊರಬಂದು ಕೊಡಿ. ದೂರದಿಂದ ನಡೆಸುವ ತಂತ್ರಾಂಶ ಹಾಕಿದ್ದರೆ ಕೆಲಸ ಮುಗಿದ ಮೇಲೆ ನಿಮ್ಮ ಕಣ್ಣೆದುರಿಗೇ ತೆಗೆಸಿ. "ಮುಂದೆ ಬೇಕಾಗುತ್ತದೆ, ಇರಲಿ ಬಿಡಿ ಕಾಕಾ" ಎಂದರೆ, ಬೇಕಾದಾಗ ಮತ್ತೆ ಹಾಕೋಣ ಎನ್ನಿ. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ 'ರೀಸೆಟ್' ಮಾಡುವಾಗ ಡ್ರೈವನ್ನು ಪೂರ್ತಿ ಶುಚಿಗೊಳಿಸುವ ಆಯ್ಕೆಯನ್ನೇ ಹಿಡಿಯಿರಿ. ಯಂತ್ರ ಚಾಲೂ ಆಗದಷ್ಟು ಕೆಟ್ಟಿದ್ದರೆ ಹಾರ್ಡ್ ಡಿಸ್ಕನ್ನು ಬಿಚ್ಚಿಸಿಕೊಂಡು ಮನೆಯಲ್ಲೇ ಇಟ್ಟುಕೊಳ್ಳಿ. ಗುಜರಿಯವನು ಅದಕ್ಕೆ ಕೊಡುವ ದುಡ್ಡು ಎರಡು ಚಹಾಕ್ಕೂ ಆಗುವುದಿಲ್ಲ.